ತುಂಬುವವರೊಬ್ಬರು, ಹುಡುಕುವವರೊಬ್ಬರು

ಅಮೆರಿಕದ ಊರುಗಳಲ್ಲಿ ಮನೆಮನೆಗೆ ಪಾರ್ಸೆಲ್ ಮುಟ್ಟಿಸುವ ಯುಪಿಎಸ್ ಕಂಪನಿಯ ಕಂದು ಗಾಡಿ ಹೊರಗಿನಿಂದ ನೋಡಿದರೆ ಒಂದು ಚೌಕಾಕಾರದ ತಗಡಿನ ಪೆಟ್ಟಿಗೆ, ಅಷ್ಟೇ. ಒಳಗಿನ ಏರ್ಪಾಟು ಬೇರೆಯೇ. ಬಗ್ಗದೆ ನಿಂತು ಓಡಾಡುವಷ್ಟು ಎತ್ತರ, ನಡುವೆ ಕಿರಿದಾದ ಓಣಿ, ಎರಡೂ ಪಕ್ಕಕ್ಕೆ ಶೆಲ್ಫುಗಳು. ಶೆಲ್ಫುಗಳಿಗೆ 1000, 2000 ಎಂದು 8000ದವರೆಗೆ ಅಂಕಿ ಕೊಟ್ಟಿರುತ್ತಾರೆ. ಪ್ರತಿ ಪಾರ್ಸೆಲ್ಲಿನ ಚೀಟಿಯ ಮೇಲೂ ನಾಲ್ಕಂಕಿಯ ಒಂದು ಸಂಖ್ಯೆ. 3450 ಎಂದಿದ್ದರೆ 3000ದ ಶೆಲ್ಫಿನ ನಡುಭಾಗ, 3900 ಎಂದಿದ್ದರೆ ಅದೇ ಶೆಲ್ಫಿನ ಕೊನೆ. ಚಾಲಕರು ಬೀದಿಯಿಂದ ಬೀದಿಗೆ ಹೋಗುವ ಕ್ರಮವೇ ಶೆಲ್ಫಿನ ಉದ್ದಕ್ಕೂ ಮೊದಲೇ ಜೋಡಣೆಯಾಗಿರಬೇಕು ಎಂಬುದು ಇದರ ಹಿಂದಿನ ಯೋಚನೆ.

ಆದರೆ ಈ ಜೋಡಣೆ ಮಾಡುವವರು ಚಾಲಕರಲ್ಲ. ನಸುಕಿನಲ್ಲಿ, ಊರು ಏಳುವ ಮೊದಲೇ, ಲೋಡರ್‌ಗಳು ಕನ್ವೇಯರ್ ಬೆಲ್ಟಿನ ಪಕ್ಕ ನಿಂತು ಹರಿದುಬರುವ ಪಾರ್ಸೆಲ್‌ಗಳನ್ನು ಎತ್ತಿ ಗಾಡಿಗಳಿಗೆ ಇಡುತ್ತಾರೆ. ಒಬ್ಬರಿಗೆ ಮೂರು ನಾಲ್ಕು ಗಾಡಿ. ಹೆಚ್ಚಿನವರದು ಅರೆಕಾಲಿಕ ಕೆಲಸ. ಬೆಲ್ಟು ಯಾರಿಗೂ ಕಾಯುವುದಿಲ್ಲ, ಮತ್ತು ಪಾರ್ಸೆಲ್‌ಗಳು 1000, 1001, 1002 ಎಂದು ಸಾಲಾಗಿ ಬರುವುದೂ ಇಲ್ಲ. ಕೊನೆಯ ಬೀದಿಯದು ಮೊದಲು ಬರುತ್ತದೆ, ಮೊದಲ ಮನೆಯದು ಬಾಗಿಲು ಹಾಕುವ ಹೊತ್ತಿಗೆ ಬರುತ್ತದೆ. ಶೆಲ್ಫು ತುಂಬಿದ ಮೇಲೆ ಬಂದದ್ದು ನೆಲದ ಮೇಲೆ ಕೂರುತ್ತದೆ. ನೆಲ ತುಂಬಿದರೆ ಓಣಿ ಮುಚ್ಚುತ್ತದೆ. ಲೋಡರ್‌ಗಳು ಮನೆಗೆ ಹೊರಡುವ ಸಮಯಕ್ಕೆ ಚಾಲಕರು ಬಂದು ಬಾಗಿಲು ತೆರೆಯುತ್ತಾರೆ. ಕಣ್ಣೆದುರು ರಟ್ಟಿನ ಡಬ್ಬಗಳ ಗೋಡೆ.

ಇಂಥ ಗಾಡಿ ಸಿಕ್ಕ ಚಾಲಕರ ಸಿಟ್ಟು ಲೋಡರ್‌ಗಳ ಮೇಲೆ ತಿರುಗುವುದು ಸಹಜ. ಸೋಮಾರಿಗಳು, ನಿರ್ಲಕ್ಷ್ಯದವರು ಎಂಬ ಬೈಗುಳ ಎಲ್ಲ ದೇಶದ ಗೋಡೌನುಗಳಲ್ಲೂ ಕೇಳುವಂಥದು. ಬೈಗುಳವನ್ನು ಬದಿಗಿಟ್ಟು ಇದನ್ನು ಲೆಕ್ಕವಾಗಿ ನೋಡಿದರೆ ಬೇರೆಯದೇ ಒಂದು ಸಂಗತಿ ಹೊರಬೀಳುತ್ತದೆ. ಜೋಡಿಸದೆ ಉಳಿಸಿದ ಶ್ರಮ ಎಲ್ಲಿಗೂ ಹೋಗುವುದಿಲ್ಲ, ಬೇರೆಯವರ ಪಾಲಿಗೆ ಹುಡುಕಾಟವಾಗಿ ಬರುತ್ತದೆ. ಬರುವಾಗ ಅದು ಹಲವು ಪಟ್ಟು ದೊಡ್ಡದಾಗಿರುತ್ತದೆ.

ಎಷ್ಟು ಪಟ್ಟು? ಗಾಡಿಯಲ್ಲಿ 120 ಪಾರ್ಸೆಲ್, 120 ಮನೆ ಎಂದಿಟ್ಟುಕೊಳ್ಳೋಣ. ಯಾವ ಕ್ರಮವೂ ಇಲ್ಲ, ರಾಶಿ. ಮೊದಲ ಮನೆಯ ಪಾರ್ಸೆಲ್ ಸಿಗಬೇಕಾದರೆ ಒಂದೊಂದೇ ಚೀಟಿ ಓದುತ್ತ ಹೋಗಬೇಕು. ಅದೃಷ್ಟವಿದ್ದರೆ ಮೊದಲನೆಯದೇ, ಇಲ್ಲದಿದ್ದರೆ ನೂರಿಪ್ಪತ್ತನೆಯದು. ಸರಾಸರಿ ಅರವತ್ತರ ಆಸುಪಾಸು. ಮುಂದಿನ ಮನೆಗೆ ಉಳಿದ 119ರಲ್ಲಿ ಅದೇ ಹುಡುಕಾಟ. ಹೀಗೆ ಎಲ್ಲವನ್ನೂ ಕೂಡಿದರೆ ಇಡೀ ದಿನಕ್ಕೆ ಸರಾಸರಿ 3,690 ಚೀಟಿ ಓದಬೇಕಾಗುತ್ತದೆ. ಒಂದು ಚೀಟಿಗೆ ಒಂದು ಸೆಕೆಂಡ್ ಎಂದರೂ ಒಂದು ಗಂಟೆ ದಾಟಿತು. ಪಾರ್ಸೆಲ್ಲನ್ನು ಹೊರಳಿಸಿ ಚೀಟಿ ಎಲ್ಲಿದೆ ಎಂದು ನೋಡುವ ಕೆಲಸ ಒಂದು ಸೆಕೆಂಡಿನಲ್ಲಿ ಆಗುವಂಥದಲ್ಲ ಎಂಬುದು ಬೇರೆ ಮಾತು.

ಈಗ ಅದೇ 120ನ್ನು ಎಂಟು ಶೆಲ್ಫಿಗೆ ಹದಿನೈದರಂತೆ ಹಂಚಿ. ಶೆಲ್ಫಿನ ಒಳಗೆ ಕ್ರಮ ಬೇಡ, ಹೇಗೆ ಬೇಕಾದರೂ ಇರಲಿ. ಯಾವ ಶೆಲ್ಫು ಎಂಬುದಷ್ಟೇ ಸರಿ ಇರಲಿ. ಓದಬೇಕಾದ ಚೀಟಿಗಳು 540ಕ್ಕೆ ಇಳಿಯುತ್ತವೆ. ಒಂದು ಗಂಟೆಯ ಜಾಗದಲ್ಲಿ ಒಂಬತ್ತು ನಿಮಿಷ. ಶೆಲ್ಫಿನ ಒಳಗೂ ಪೂರಾ ಕ್ರಮವಿದ್ದರೆ 120 ಸಾಕು, ಅಂದರೆ ಎರಡು ನಿಮಿಷ. ಗಮನಿಸಬೇಕಾದದ್ದು ಇಲ್ಲಿದೆ. ಒಂದು ಗಂಟೆಯಿಂದ ಒಂಬತ್ತು ನಿಮಿಷಕ್ಕೆ ತರುವ ಕೆಲಸ ಅಗ್ಗ, ಶೆಲ್ಫಿನ ಮೊದಲ ಅಂಕಿ ನೋಡಿದರೆ ಆಯಿತು. ಒಂಬತ್ತರಿಂದ ಎರಡಕ್ಕೆ ತರುವುದು ದುಬಾರಿ, ಪ್ರತಿ ಪಾರ್ಸೆಲ್ಲಿಗೂ ಅಕ್ಕಪಕ್ಕದವನ್ನು ಸರಿಸಿ ಜಾಗ ಮಾಡಬೇಕು. ಅವಸರದ ಬೆಳಗಿನಲ್ಲಿ ಲೋಡರ್ ಯಾವುದನ್ನು ಬಿಡಬಹುದು, ಯಾವುದನ್ನು ಬಿಡಬಾರದು ಎಂಬ ಪ್ರಶ್ನೆಗೆ ಉತ್ತರ ಈ ಮೂರು ಸಂಖ್ಯೆಗಳಲ್ಲೇ ಇದೆ.

ಕಂಪ್ಯೂಟರ್ ವಿಜ್ಞಾನದವರಿಗೆ ಇದು ಹಳೆಯ ಪರಿಚಯ. ಡೊನಾಲ್ಡ್ ಕನೂತ್ ತಮ್ಮ ಪ್ರಸಿದ್ಧ ಗ್ರಂಥಮಾಲೆಯ ಮೂರನೆಯ ಸಂಪುಟವನ್ನು 1973ರಲ್ಲಿ ಪ್ರಕಟಿಸಿದಾಗ ವಿಂಗಡಣೆ ಮತ್ತು ಹುಡುಕಾಟ ಎರಡನ್ನೂ ಒಂದೇ ಪುಸ್ತಕದಲ್ಲಿ ಸೇರಿಸಿದ್ದರು. ಒಂದಕ್ಕೆ ಖರ್ಚು ಮಾಡಿದ್ದನ್ನು ಇನ್ನೊಂದರಲ್ಲಿ ಉಳಿಸುವ ವ್ಯವಹಾರ ಅದು. ಅಪರೂಪಕ್ಕೆ ಹುಡುಕುವ ವಸ್ತುಗಳನ್ನು ಜೋಡಿಸುವುದು ದಂಡ. ಪಾರ್ಸೆಲ್ ಗಾಡಿಯಲ್ಲಾದರೋ ಒಳಗಿರುವ ಪ್ರತಿಯೊಂದನ್ನೂ ಅಂದೇ ಹುಡುಕಲೇಬೇಕು.

ಮೇಲಿನ ಲೆಕ್ಕ ಒಂದು ವಿಷಯದಲ್ಲಿ ಉದಾರವಾಗಿದೆ: ಹುಡುಕಿದ್ದು ಗಾಡಿಯಲ್ಲಿ ಇದ್ದೇ ಇದೆ ಎಂದು ಅದು ನಂಬಿದೆ. ಬೇರೆ ಗಾಡಿಗೆ ಹೋಗಬೇಕಾದದ್ದು ಇಲ್ಲಿಗೆ ಬಂದರೆ, ಇಲ್ಲಿಯದು ಅಲ್ಲಿಗೆ ಹೋದರೆ ಅದಕ್ಕೆ ಮಿಸ್‌ಲೋಡ್ ಎನ್ನುತ್ತಾರೆ. ಇದ್ದದ್ದು ಸಿಗಲು ಸರಾಸರಿ ಅರ್ಧ ರಾಶಿ ನೋಡಿದರೆ ಸಾಕು. ಇಲ್ಲದ್ದು ಇಲ್ಲ ಎಂದು ಖಾತರಿಯಾಗಬೇಕಾದರೆ ಇಡೀ ರಾಶಿಯನ್ನೇ ನೋಡಬೇಕು. ಕೆಟ್ಟ ಲೋಡಿನಲ್ಲಿ ಚಾಲಕರನ್ನು ಹೆಚ್ಚು ಸುಸ್ತು ಮಾಡುವುದು ಈ ಬರಿಗೈ ಹುಡುಕಾಟ. ಪರಿಪಾಟಿ ಸರಿಯಿರುವ ಗಾಡಿಯಲ್ಲಿ 4200 ಇರಬೇಕಾದ ಕಡೆ ಇಲ್ಲ ಎಂದರೆ ಗಾಡಿಯಲ್ಲೇ ಇಲ್ಲ ಎಂದು ಮುಂದೆ ಹೋಗಬಹುದು. ಪರಿಪಾಟಿ ಕೆಟ್ಟ ಗಾಡಿಯಲ್ಲಿ ಆ ಧೈರ್ಯ ಬರುವುದಿಲ್ಲ. ಒಂದೆರಡು ಪಾರ್ಸೆಲ್ ತಪ್ಪು ಶೆಲ್ಫಿನಲ್ಲಿ ಸಿಕ್ಕಿತೆಂದರೆ ಉಳಿದ ಏಳು ಶೆಲ್ಫುಗಳ ಮೇಲೂ ಅನುಮಾನ ಹುಟ್ಟುತ್ತದೆ. ತಪ್ಪು ಜಾಗದಲ್ಲಿರುವುದು ಎರಡೇ ಆದರೂ ನಂಬಿಕೆ ಹೋಗುವುದು ಎಲ್ಲದರ ಮೇಲೆ.

ಯುಪಿಎಸ್ ತಾನೇ ಹೇಳಿಕೊಂಡ ಪ್ರಕಾರ ಸುಮಾರು 400 ಪಾರ್ಸೆಲ್ಲಿಗೆ ಒಂದು ತಪ್ಪು ಗಾಡಿಗೆ ಹೋಗುತ್ತಿತ್ತು. ಚೀಟಿಗಳಲ್ಲಿ ರೇಡಿಯೊ ಅಲೆಯ ಆರ್‌ಎಫ್‌ಐಡಿ ಚಿಪ್ ಇಟ್ಟು, ಲೋಡರ್ ತಪ್ಪು ಗಾಡಿಗೆ ಕಾಲಿಟ್ಟರೆ ಎಚ್ಚರಿಸುವ ವ್ಯವಸ್ಥೆಯನ್ನು 2022ರಿಂದ ತಂದ ಮೇಲೆ ಅದು 800ಕ್ಕೆ ಒಂದರ ಮಟ್ಟಕ್ಕೆ ಇಳಿಯಿತು. ನಾನೂರಕ್ಕೆ ಒಂದು ಎಂದರೆ ಕಾಲು ಪ್ರತಿಶತ, ಕೇಳಲು ಏನೂ ಅಲ್ಲ. ಆದರೆ 280 ಪಾರ್ಸೆಲ್ ಹೊತ್ತ ಗಾಡಿಯಲ್ಲಿ ಒಂದಾದರೂ ತಪ್ಪು ಇರುವ ಸಂಭವ ಅರ್ಧಕ್ಕರ್ಧ. ದಿನ ಬಿಟ್ಟು ದಿನ ಒಂದು ಅನ್ಯ ಪಾರ್ಸೆಲ್ ಜೊತೆಯಲ್ಲಿ ಸುತ್ತುತ್ತದೆ.

ಹಾಗಾದರೆ ಸರಿಯಾಗಿ ತುಂಬುವುದು ಅಷ್ಟು ಕಷ್ಟವೇ? ಗಣಿತದ ಉತ್ತರ: ಹೌದು, ತುಂಬ ಕಷ್ಟ. 120 ಮನೆಗಳಿಗೆ ಯಾವ ಕ್ರಮದಲ್ಲಿ ಹೋದರೆ ದಾರಿ ಅತಿ ಕಡಿಮೆ ಎಂಬುದು ಅಲೆಮಾರಿ ವ್ಯಾಪಾರಿಯ ಸಮಸ್ಯೆ ಎಂದೇ ಹೆಸರಾದದ್ದು. ಸಾಧ್ಯವಿರುವ ಕ್ರಮಗಳ ಎಣಿಕೆ ಬರೆಯಲು 199 ಅಂಕಿಗಳು ಬೇಕು. ಬೇರೆಬೇರೆ ಅಳತೆಯ ಡಬ್ಬಗಳನ್ನು ಇಂತಿಷ್ಟು ಜಾಗದಲ್ಲಿ ಹಿಡಿಸುವುದು ಇನ್ನೊಂದು ಕುಖ್ಯಾತ ಸಮಸ್ಯೆ. ಪಾರ್ಸೆಲ್ ಗಾಡಿಯಲ್ಲಿ ಇವೆರಡೂ ಒಟ್ಟಿಗೆ ಬರುತ್ತವೆ, ಮತ್ತು ಒಂದರ ಉತ್ತರ ಇನ್ನೊಂದನ್ನು ಕೆಡಿಸುತ್ತದೆ. ಭಾರದ್ದು ಕೆಳಗಿರಬೇಕು ಎನ್ನುತ್ತದೆ ಒಂದು. ಮೊದಲು ಇಳಿಸುವುದು ಮೇಲಿರಬೇಕು ಎನ್ನುತ್ತದೆ ಇನ್ನೊಂದು. ಮೊದಲ ಮನೆಗೇ ಮೂವತ್ತು ಕಿಲೊ ನಾಯಿ ಆಹಾರ ಹೋಗಬೇಕಾದರೆ ಏನು ಮಾಡುವುದು? ಮಿಷೆಲ್ ಜಾಂದ್ರೊ, ಮಾನುಯೆಲ್ ಇಯೊರಿ, ಜಿಲ್ಬೆರ್ ಲಪೋರ್ಟ್, ಸಿಲ್ವಾನೊ ಮಾರ್ಟೆಲ್ಲೊ ಎಂಬ ನಾಲ್ವರು ದಾರಿ ಮತ್ತು ಲೋಡು ಎರಡನ್ನೂ ಒಂದೇ ಸಮಸ್ಯೆಯಾಗಿ ಮೂರು ಆಯಾಮಗಳಲ್ಲಿ ಬಿಡಿಸುವ ವಿಧಾನವನ್ನು 2006ರಲ್ಲಿ ಪ್ರಕಟಿಸಿದರು. ಪರಿಪೂರ್ಣ ಉತ್ತರದ ಆಸೆ ಬಿಟ್ಟು ಒಳ್ಳೆಯ ಉತ್ತರಕ್ಕೆ ತೃಪ್ತಿಪಡುವ ವಿಧಾನ ಅದು. ಕಂಪ್ಯೂಟರೇ ಹೀಗೆ ರಾಜಿಯಾಗುವ ಲೆಕ್ಕವನ್ನು ಬೆಲ್ಟಿನ ಪಕ್ಕ ನಿಂತವರು ಕೈಯಲ್ಲಿ ಬಿಡಿಸುತ್ತಿರುತ್ತಾರೆ.

ಯುಪಿಎಸ್‌ನ ಓರಾಯನ್ ಎಂಬ ತಂತ್ರಾಂಶ ದಾರಿಯ ಲೆಕ್ಕವನ್ನು ಮಾತ್ರ ಮಾಡುತ್ತದೆ. 2016ರ ಹೊತ್ತಿಗೆ ಅದು ಅಮೆರಿಕದ ಸುಮಾರು 55,000 ಮಾರ್ಗಗಳನ್ನು ತಲುಪಿ, ವರ್ಷಕ್ಕೆ 10 ಕೋಟಿ ಮೈಲಿ ಓಟ ಉಳಿಸುತ್ತದೆ ಎಂದು ಕಂಪನಿ ಹೇಳಿತು. ದೊಡ್ಡ ಸಾಧನೆಯೇ ಸರಿ. ಆದರೆ ಅಂದಂದಿನ ದಾರಿ ಬದಲಾದರೆ ಶೆಲ್ಫಿನ ಕ್ರಮವೂ ಅದಕ್ಕೆ ತಕ್ಕಂತೆ ಬದಲಾಗಬೇಕಲ್ಲ? ಆಗದಿದ್ದರೆ 1000ದ ಶೆಲ್ಫಿನಿಂದ 6000ಕ್ಕೆ, ಅಲ್ಲಿಂದ ಮತ್ತೆ 2000ಕ್ಕೆ ಚಾಲಕರು ನೆಗೆಯಬೇಕು. ರಸ್ತೆಯ ಮೇಲಿನ ಪ್ರತಿ ಮೈಲಿಗೂ ಲೆಕ್ಕವಿದೆ. ಗಾಡಿಯ ಒಳಗಿನ ಆ ಹತ್ತು ಹನ್ನೆರಡು ಅಡಿಯ ಓಡಾಟಕ್ಕೆ ಅಷ್ಟು ಕಟ್ಟುನಿಟ್ಟಿನ ಲೆಕ್ಕ ಇಟ್ಟವರು ಕಡಿಮೆ.

ಅಚ್ಚುಕಟ್ಟಾಗಿ ತುಂಬಿದ ಗಾಡಿಯೂ ದಾರಿಯಲ್ಲಿ ಕೆಡುತ್ತದೆ. ಇದು ಭೌತವಿಜ್ಞಾನದ ಪಾಲು. ತಗಡಿನ ಮೇಲೆ ಕೂತ ರಟ್ಟಿನ ಡಬ್ಬದ ಘರ್ಷಣಾಂಕ 0.4 ಎಂದು ಹಿಡಿಯೋಣ. ಗಂಟೆಗೆ 50 ಕಿಲೋಮೀಟರ್ ವೇಗದಲ್ಲಿ ಹೋಗುವ ಗಾಡಿ ಸುಮಾರು 25 ಮೀಟರಿಗಿಂತ ಕಡಿಮೆ ದೂರದಲ್ಲಿ ನಿಂತರೆ ಆ ಡಬ್ಬ ಜಾರುತ್ತದೆ. ನೇರ ರಸ್ತೆಯೇ ಆಗಬೇಕೆಂದಿಲ್ಲ. 12 ಮೀಟರ್ ತ್ರಿಜ್ಯದ ತಿರುವನ್ನು ಗಂಟೆಗೆ 25 ಕಿಲೋಮೀಟರ್ ವೇಗದಲ್ಲಿ ತೆಗೆದುಕೊಂಡರೂ ಅಡ್ಡಕ್ಕೆ ಜಾರುತ್ತದೆ. ಭಾರದ ಡಬ್ಬ ಅಲುಗದೆ ಕೂತಿರುತ್ತದೆ ಎಂಬುದು ತಪ್ಪು ನಂಬಿಕೆ. ಭಾರ ಹೆಚ್ಚಿದಂತೆ ಹಿಡಿತವೂ ಹೆಚ್ಚುತ್ತದೆ, ಮುಂದಕ್ಕೆ ತಳ್ಳುವ ಜಡತ್ವವೂ ಅಷ್ಟೇ ಹೆಚ್ಚುತ್ತದೆ. ಎರಡು ಕಿಲೊ ಜಾರುವ ಕಡೆ ಮೂವತ್ತು ಕಿಲೊ ಕೂಡ ಜಾರುತ್ತದೆ, ಹೊಡೆತ ಮಾತ್ರ ಹದಿನೈದು ಪಟ್ಟು. ಅಮೆರಿಕದ ಸರಕು ಸಾಗಣೆ ನಿಯಮಗಳು ಮುಂದಕ್ಕೆ ಗುರುತ್ವದ 0.8 ಪಟ್ಟು, ಪಕ್ಕಕ್ಕೆ 0.5 ಪಟ್ಟು ಒತ್ತಡ ತಡೆಯುವಂತೆ ಸರಕನ್ನು ಭದ್ರಪಡಿಸಬೇಕೆಂದು ಹೇಳುವುದು ಈ ಕಾರಣಕ್ಕೆ. ಬರಿಯ ಘರ್ಷಣೆ ಆ ಮಟ್ಟಕ್ಕೆ ಏರುವುದಿಲ್ಲ. ಒತ್ತಾಗಿ, ಸಂದಿಲ್ಲದಂತೆ, ಗೋಡೆಗೆ ಆತು ಇಟ್ಟ ಲೋಡು ಮಾತ್ರ ನಿಲ್ಲುತ್ತದೆ.

ನೆಲದ ಮೇಲಿನ ರಾಶಿಗೆ ಇನ್ನೊಂದು ಕಾಟವಿದೆ. ಖಾರದ ಅವಲಕ್ಕಿಯ ಡಬ್ಬವನ್ನು ಕುಲುಕಿದರೆ ಕಡಲೆಬೀಜ ಮೇಲಕ್ಕೂ ಪುಡಿ ತಳಕ್ಕೂ ಹೋಗುತ್ತದೆಯಲ್ಲ, ಅದೇ. ಕುಲುಕಿದಾಗ ದೊಡ್ಡವುಗಳ ಅಡಿಯಲ್ಲಿ ಸಣ್ಣ ಸಂದು ತೆರೆಯುತ್ತದೆ. ಅದರೊಳಗೆ ಸಣ್ಣವು ನುಸುಳುತ್ತವೆ. ದೊಡ್ಡವಕ್ಕೆ ಮರಳಿ ಕೆಳಗಿಳಿಯಲು ಜಾಗ ಸಿಗುವುದಿಲ್ಲ. 1987ರಲ್ಲಿ ಆಂಥನಿ ರೊಸಾಟೊ ಮತ್ತು ಸಂಗಡಿಗರು ಇದನ್ನು ಕಂಪ್ಯೂಟರಿನಲ್ಲಿ ಅನುಕರಿಸಿ ತೋರಿಸಿದರು. ಮೊಬೈಲ್ ಕವರು, ಔಷಧಿ, ಬ್ಯಾಂಕ್ ಕಾರ್ಡು ಇರುವ ತೆಳು ಲಕೋಟೆಗಳು ಮಧ್ಯಾಹ್ನದ ಹೊತ್ತಿಗೆ ರಾಶಿಯ ತಳ ಸೇರುವುದರಲ್ಲಿ ಯಾರ ಕೈವಾಡವೂ ಇರಬೇಕಿಲ್ಲ, ರಸ್ತೆಯ ಉಬ್ಬು ಸಾಕು. ಲಕೋಟೆಗಳನ್ನು ಬೇರೆಯೇ ಒಂದು ಚೀಲಕ್ಕೋ ಟ್ರೇಗೋ ಹಾಕುವ ಪದ್ಧತಿ ಈ ಕಾಟವನ್ನು ತಪ್ಪಿಸುತ್ತದೆ, ಮತ್ತು ಇಡೀ ಕೆಲಸದಲ್ಲಿ ಇಷ್ಟು ಕಡಿಮೆ ಖರ್ಚಿನಲ್ಲಿ ಇಷ್ಟು ಲಾಭ ಕೊಡುವ ಉಪಾಯ ಬೇರೊಂದಿಲ್ಲ ಎಂದು ನನ್ನ ಎಣಿಕೆ.

ರಟ್ಟಿನ ಡಬ್ಬಕ್ಕೂ ಅದರದೇ ನ್ಯಾಯ. ಅದರ ಬಲದ ಬಹುಪಾಲು ಇರುವುದು ನಾಲ್ಕು ಮೂಲೆಗಳಲ್ಲಿ. ಮೂಲೆಯ ಮೇಲೆ ಮೂಲೆ ಬಂದರೆ ಸಾಲು ನಿಲ್ಲುತ್ತದೆ. ಸ್ವಲ್ಪ ತಿರುಗಿಸಿಟ್ಟರೆ ಭಾರ ಮುಚ್ಚಳದ ನಡುವೆ ಬಿದ್ದು ಒಳಕ್ಕೆ ಕುಸಿಯುತ್ತದೆ. ಗಾಳಿಯ ತೇವ ಹೀರಿದ ರಟ್ಟು ಇನ್ನೂ ಬೇಗ ಸೋಲುತ್ತದೆ. ಮಂಗಳೂರಿನ ಜುಲೈ ತಿಂಗಳಿನಲ್ಲಿ ಪಾರ್ಸೆಲ್ ಹೊತ್ತವರಿಗೆ ಇದನ್ನು ಹೇಳಿಕೊಡಬೇಕಿಲ್ಲ.

ಕುಸಿದ ರಾಶಿಯ ಹಿಂದಿನ ಡಬ್ಬವನ್ನು ಎಳೆಯುವ ಮೈಗೆ ಏನಾಗುತ್ತದೆ ಎಂಬುದಕ್ಕೂ ಸೂತ್ರವಿದೆ. ಅಮೆರಿಕದ ಔದ್ಯೋಗಿಕ ಸುರಕ್ಷತೆಯ ಸಂಸ್ಥೆ ನಯೋಶ್, ಭಾರ ಎತ್ತುವುದಕ್ಕೆ ಒಂದು ಸಮೀಕರಣ ಕೊಟ್ಟಿದೆ. ಎಲ್ಲವೂ ಅನುಕೂಲವಾಗಿದ್ದಾಗ, ಅಂದರೆ ಡಬ್ಬ ಮೈಗೆ ಹತ್ತಿರ, ಸೊಂಟದ ಆಸುಪಾಸಿನ ಎತ್ತರ, ನೇರ ಎದುರಿಗೆ ಇದ್ದಾಗ, ಮಿತಿ 23 ಕಿಲೊ. ಅದೇ ಡಬ್ಬ ಮೈಯಿಂದ ಅರ್ಧ ಮೀಟರ್ ಆಚೆ ಇದ್ದರೆ ಮಿತಿ ಅರ್ಧವಾಗಿ 11.5 ಕಿಲೊ ಆಗುತ್ತದೆ. ಓಣಿಯಲ್ಲಿ ಕಾಲಿಡಲು ಜಾಗವಿಲ್ಲದೆ ತೊಂಬತ್ತು ಡಿಗ್ರಿ ತಿರುಗಿ ಎತ್ತಿದರೆ ಸುಮಾರು 8 ಕಿಲೊ. ಅದು ನೆಲದ ಮೇಲಿದ್ದರೆ 6.3. ಡಬ್ಬ ಬದಲಾಗಿಲ್ಲ, ಅದು ಕೂತ ಜಾಗ ಬದಲಾಯಿತು. ಯುಪಿಎಸ್ 68 ಕಿಲೊವರೆಗಿನ ಪಾರ್ಸೆಲ್ ತೆಗೆದುಕೊಳ್ಳುತ್ತದೆ ಎಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಬೆನ್ನು ಹಿಡಿಯುವುದು ಭಾರದಿಂದ ಎನ್ನುತ್ತೇವೆ. ಅನೇಕ ಸಲ ಅದು ಭಾರವಿಟ್ಟ ಕಡೆಯಿಂದ.

ಇಷ್ಟಾದ ಮೇಲೂ ಗಾಡಿ ಹೊರಡಲೇಬೇಕು. ಅನುಭವಿ ಚಾಲಕರು ಏನು ಮಾಡುತ್ತಾರೆ? ಬೆಳಿಗ್ಗೆಯೇ ಎಲ್ಲವನ್ನೂ ಸರಿಪಡಿಸಲು ಹೋಗುವುದಿಲ್ಲ. ಲೆಕ್ಕಕ್ಕೆ ಅದು ಲಾಭವೇ: ಒಂದು ಪಾರ್ಸೆಲ್ಲಿಗೆ ಐದು ಸೆಕೆಂಡಿನಂತೆ 120ನ್ನು ಎಂಟು ಶೆಲ್ಫಿಗೆ ಹಂಚಲು ಹತ್ತು ನಿಮಿಷ, ಉಳಿತಾಯ ಐವತ್ತು ನಿಮಿಷಕ್ಕೂ ಮೇಲೆ. ಆದರೆ ತುಂಬಿ ತುಳುಕುವ ಗಾಡಿಯಲ್ಲಿ ಸರಿಸಲು ಜಾಗವೇ ಇರುವುದಿಲ್ಲ. ಖಾಲಿ ಜಾಗ ಇಲ್ಲದೆ ವಿಂಗಡಣೆ ಇಲ್ಲ. ಹೀಗಾಗಿ ಅಂಗಡಿ, ಆಫೀಸು, ಶಾಲೆ ಎಂದು ಒಂದೇ ವಿಳಾಸಕ್ಕೆ ಹತ್ತಿಪ್ಪತ್ತು ಡಬ್ಬ ಹೋಗುವ ಕಡೆಗೆ ಮೊದಲು ಹೋಗಿ, ಓಣಿ ತೆರವು ಮಾಡಿಕೊಂಡು, ಆಮೇಲೆ ಮುಂದಿನ ಒಂದೆರಡು ಶೆಲ್ಫಿನಷ್ಟು ಮಾತ್ರ ಜೋಡಿಸಿಕೊಳ್ಳುತ್ತಾರೆ. ಯಾವುದೋ ಪಾರ್ಸೆಲ್ ಹುಡುಕುವಾಗ ಕಣ್ಣಿಗೆ ಬಿದ್ದ ಇನ್ನೊಂದನ್ನು ಅದರ ಜಾಗಕ್ಕೆ ಎಸೆಯುತ್ತಾರೆ. ಚೀಟಿಯ ಮುಖ ಹೊರಗೆ ತಿರುಗಿಸುತ್ತಾರೆ. ನೆನಪಿನಲ್ಲಿಟ್ಟುಕೊಂಡರೆ ಸಾಲದೆ ಎಂದು ಕೇಳಬಹುದು. ಮನಸ್ಸು ಒಮ್ಮೆಗೆ ಹಿಡಿದಿಡಬಲ್ಲದ್ದು ನಾಲ್ಕರ ಆಸುಪಾಸು ಸಂಗತಿಗಳನ್ನು ಎಂದು ನೆಲ್ಸನ್ ಕೋವನ್ 2001ರಲ್ಲಿ ವಾದಿಸಿದರು. ನೂರಿಪ್ಪತ್ತಕ್ಕೆ ಅದು ಯಾವ ಮೂಲೆಗೆ?

ಕೆಲವರು ದಪ್ಪ ಮಾರ್ಕರ್ ಪೆನ್ನಿನಿಂದ ಡಬ್ಬದ ಮೇಲೆ ಸಂಖ್ಯೆಯನ್ನು ದೊಡ್ಡದಾಗಿ ಬರೆದುಕೊಳ್ಳುತ್ತಾರೆ. ಈ ಅಭ್ಯಾಸದ ಹಿಂದೆ ಒಳ್ಳೆಯ ಮನೋವಿಜ್ಞಾನವಿದೆ. ಆನ್ ಟ್ರೀಸ್ಮನ್ ಮತ್ತು ಗ್ಯಾರಿ ಜೆಲೇಡ್ 1980ರಲ್ಲಿ ತೋರಿಸಿದಂತೆ, ಬಣ್ಣದಂಥ ಒಂದೇ ಗುಣದಿಂದ ಬೇರೆಯಾದ ವಸ್ತು ಎಷ್ಟು ದೊಡ್ಡ ಗುಂಪಿನಲ್ಲಿದ್ದರೂ ತಟ್ಟನೆ ಕಣ್ಣಿಗೆ ಹೊಡೆಯುತ್ತದೆ. ಎರಡು ಮೂರು ಗುಣಗಳನ್ನು ಕೂಡಿಸಿ ಗುರುತಿಸಬೇಕಾದಾಗ ಒಂದೊಂದನ್ನೇ ನೋಡುತ್ತ ಹೋಗಬೇಕು, ಗುಂಪು ಬೆಳೆದಂತೆ ಸಮಯವೂ ಬೆಳೆಯುತ್ತದೆ. ಸಣ್ಣಕ್ಷರದ ಚೀಟಿ ಎರಡನೆಯ ಜಾತಿಯದು. ಅಮೆಜಾನ್ 2024ರ ಅಕ್ಟೋಬರಿನಲ್ಲಿ ಪರಿಚಯಿಸಿದ ವ್ಯವಸ್ಥೆ ಅದನ್ನು ಮೊದಲನೆಯ ಜಾತಿಗೆ ಬದಲಿಸುತ್ತದೆ. ಗಾಡಿ ನಿಂತೊಡನೆ ಕ್ಯಾಮೆರಾ ಪಾರ್ಸೆಲ್‌ಗಳನ್ನು ಗುರುತಿಸಿ, ಆ ವಿಳಾಸದ್ದರ ಮೇಲೆ ಹಸಿರು ವೃತ್ತ, ಉಳಿದವುಗಳ ಮೇಲೆ ಕೆಂಪು ಇಂಟು ಗುರುತು ಬೆಳಕಿನಲ್ಲಿ ಮೂಡಿಸುತ್ತದೆ. ಅದೇ ಅಮೆಜಾನಿನ ಉಗ್ರಾಣಗಳಲ್ಲಿ ಸಾಮಾನನ್ನು ಬೇಕೆಂದೇ ಅಡ್ಡಾದಿಡ್ಡಿ ಇಡುತ್ತಾರೆ. ಹಲ್ಲುಜ್ಜುವ ಬ್ರಷ್ಷಿನ ಪಕ್ಕ ಪುಸ್ತಕ, ಪುಸ್ತಕದ ಪಕ್ಕ ಬಲ್ಬು. ಯಾವುದು ಯಾವ ಗೂಡಿನಲ್ಲಿದೆ ಎಂದು ಕಂಪ್ಯೂಟರ್ ಬರೆದುಕೊಂಡಿರುವುದರಿಂದ ಅಲ್ಲಿ ಅದು ಅವ್ಯವಸ್ಥೆಯಲ್ಲ. ದಾಖಲೆ ಹೇಳುವ ಜಾಗದಲ್ಲಿ ವಸ್ತು ಇದ್ದರೆ ಆಯಿತು. ಆದರೆ ರಾಶಿಯ ಅಡಿಯಲ್ಲಿ ಸಿಕ್ಕಿಬಿದ್ದ ಡಬ್ಬ ಕ್ಯಾಮೆರಾಕ್ಕೂ ಕಾಣುವುದಿಲ್ಲ.

ಒಬ್ಬರು ತುಂಬಿ ಇನ್ನೊಬ್ಬರು ಹುಡುಕುವ ತೊಂದರೆಯನ್ನು ನಮ್ಮ ಅಂಚೆಯವರು ಎಂದೋ ದಾಟಿದ್ದರು. 1972ರ ಆಗಸ್ಟ್ 15ರಂದು ಬಂದ ಪಿನ್ ಕೋಡು ಕಾಗದವನ್ನು ಬಡಾವಣೆಯ ಅಂಚೆ ಕಚೇರಿಯವರೆಗೆ ತಂದು ಬಿಡುತ್ತದೆ. ಅಲ್ಲಿಂದ ಮುಂದೆ ತನ್ನ ಬೀಟಿನ ಕಾಗದಗಳನ್ನು ತಾನು ನಡೆಯುವ ದಾರಿಯ ಕ್ರಮದಲ್ಲಿ ಜೋಡಿಸಿಕೊಳ್ಳುವವನು ಪೋಸ್ಟ್‌ಮನ್ನನೇ. ತಪ್ಪು ಜೋಡಿಸಿದರೆ ವಾಪಸು ನಡೆಯಬೇಕಾದವನೂ ಅವನೇ. ಹೀಗೆ ತಪ್ಪಿದವರ ಕಾಲಿಗೇ ಪೆಟ್ಟು ಬೀಳುವ ಕಡೆ ತಪ್ಪು ಬೇಗ ತಿದ್ದಿಕೊಳ್ಳುತ್ತದೆ. ಯುಪಿಎಸ್‌ನ ಲೋಡರ್‌ಗಳಿಗೆ ತಮ್ಮ ಲೋಡು ಮಧ್ಯಾಹ್ನ ಮೂರಕ್ಕೆ ಹೇಗಿತ್ತು ಎಂದು ಕಣ್ಣಾರೆ ಕಾಣುವ ಅವಕಾಶವಿಲ್ಲ. ಬೆಲ್ಟಿನ ವೇಗವೊಂದೇ ಅವರಿಗೆ ತಿಳಿಯುವ ಅಳತೆ. ಅವರನ್ನು ಬೈಯುವುದಕ್ಕಿಂತ, ವಾರಕ್ಕೊಂದು ದಿನ ಚಾಲಕರೊಡನೆ ಸುತ್ತಲು ಕಳಿಸಿ ಆ ಹೊತ್ತಿನ ಸಂಬಳವನ್ನೂ ಕೊಟ್ಟರೆ ಹೆಚ್ಚು ಕೆಲಸವಾದೀತು.

ಬೆಂಗಳೂರಿನ ಸಣ್ಣ ವ್ಯಾನುಗಳಲ್ಲಿ ಬಹುಪಾಲು ಶೆಲ್ಫೇ ಇಲ್ಲ, ಒಳಗೆ ನಿಲ್ಲುವ ಎತ್ತರವೂ ಇಲ್ಲ. ಹಿಂಬಾಗಿಲೊಂದೇ ದಾರಿ; ಕೊನೆಗೆ ತುಂಬಿದ್ದೇ ಮೊದಲು ಕೈಗೆ ಬರುತ್ತದೆ. ವಿಳಾಸಗಳೂ ಇಂತಿಂಥ ದೇವಸ್ಥಾನದ ಹಿಂದೆ, ಇಂತಿಂಥ ಬೇಕರಿ ಎದುರು ಎಂದು ಇರುವುದರಿಂದ ನಾಲ್ಕಂಕಿಯ ಸಂಖ್ಯೆಗೆ ಅವು ಸುಲಭವಾಗಿ ಬಗ್ಗುವುದಿಲ್ಲ. ಅದಕ್ಕೇ ಹುಡುಗರು ಅಪಾರ್ಟ್‌ಮೆಂಟ್ ಗೇಟಿನ ಬಳಿ ಅರ್ಧ ಗಾಡಿಯನ್ನು ಫುಟ್‌ಪಾತಿಗೆ ಇಳಿಸಿಕೊಂಡು, ಬ್ಲಾಕುಗಳ ಪ್ರಕಾರ ಗುಡ್ಡೆ ಮಾಡುತ್ತ ಕೂತಿರುವುದು ಕಾಣುತ್ತದೆ. ಬಾಗಿಲ ಕಾವಲಿನವರು ಗದರುತ್ತಾರೆ, ದಾರಿಹೋಕರು ಗೊಣಗುತ್ತಾರೆ. ಆದರೂ ಲೆಕ್ಕ ಹುಡುಗರ ಕಡೆಗಿದೆ: 40 ಪಾರ್ಸೆಲ್ಲಿನ ರಾಶಿಯಲ್ಲಿ ಒಂದೊಂದಕ್ಕೇ ಹುಡುಕಿದರೆ 430 ಚೀಟಿ ಓದಬೇಕು, ನಾಲ್ಕು ಬ್ಲಾಕಿನ ಹತ್ತು ಹತ್ತರ ಗುಡ್ಡೆಗಳಾದರೆ 130.